ತಾಯಿಯ ಅಳುವನ್ನು ತಂತಿ ನುಡಿದಾಗ

ಊರೂರು ಅಲೆದು ಮನೆಗೆ ಮರಳಿದ ಹರಿಹರ ತಂದ ವಸ್ತುಗಳನ್ನೆಲ್ಲ ಒಂದೊಂದಾಗಿ ಹೆಂಡತಿಯ ಮುಂದಿಡುತ್ತಾನೆ. ಕೊನೆಗೆ ಮಗಳು ದುರ್ಗಾಳಿಗೆಂದು ತಂದ ಸೀರೆ. ಅದನ್ನು ಕೈಗೆತ್ತಿಕೊಂಡ ಸರ್ಬಜಯಾಳ ದುಃಖದ ಕಟ್ಟೆ ಒಡೆಯುತ್ತದೆ. ಮಗಳು ಇನ್ನಿಲ್ಲವೆಂಬುದು ತಂದೆಗೆ ಆಗಷ್ಟೇ ತಿಳಿಯುತ್ತದೆ. ತೆರೆಯ ಮೇಲೆ ತಾಯಿ ಬಾಯ್ತೆರೆದು ಅಳುತ್ತಾಳೆ. ಪ್ರೇಕ್ಷಕರಿಗೆ ಅವಳ ದನಿ ಕೇಳಿಸುವುದಿಲ್ಲ. ಕೇಳಿಸುವುದು ತಾರ ಸ್ಥಾಯಿಯಲ್ಲಿ ಮೊರೆಯುವ ತಾರ್ ಶಹನಾಯಿ ಮಾತ್ರ.

1955ರಲ್ಲಿ ತೆರೆಕಂಡ ‘ಪಥೇರ್ ಪಾಂಚಾಲಿ’ಯ ಈ ದೃಶ್ಯವನ್ನು ನೋಡಿದವರು ಮರೆಯಲಾರರು. ಇದನ್ನು ರೂಪಿಸಿದ ಸತ್ಯಜಿತ್ ರಾಯ್ ಅವರಿಗೆ ಆಗ 34 ವರ್ಷ. ಇದು ಅವರ ಮೊದಲ ಚಿತ್ರ. ಅತಿ ದೊಡ್ಡ ದುಃಖಕ್ಕೆ ಮನುಷ್ಯನ ದನಿ ಸಾಲದು ಎಂಬ ತಿಳಿವಳಿಕೆ ಮೊದಲ ಚಿತ್ರದಲ್ಲೇ ಅವರಿಗೆ ಬಂದದ್ದು ಹೇಗೆ? ಅದರ ಹಿಂದೆ ಒಂದು ಸಿನಿಮಾ, ಬಹುಕಾಲದ ಸಂಗೀತದ ಒಡನಾಟ ಮತ್ತು ಮೂರು ವರ್ಷಗಳ ಪರದಾಟವಿದೆ.

ತಟ್ಟೆಯ ಸಂಗೀತ

ರಾಯ್ ಹುಟ್ಟಿದ್ದು 1921ರ ಮೇ 2ರಂದು, ಕಲ್ಕತ್ತೆಯಲ್ಲಿ. ತಂದೆ ಸುಕುಮಾರ್ ರಾಯ್ ಬಂಗಾಳದ ಮಕ್ಕಳ ಅಚ್ಚುಮೆಚ್ಚಿನ ಕವಿ. ಮಗನಿಗೆ ಎರಡೂವರೆ ವರ್ಷವಾಗುವ ಹೊತ್ತಿಗೆ ಅವರು ತೀರಿಕೊಂಡರು. ಮಗುವಿನೊಡನೆ ತಾಯಿ ಸುಪ್ರಭಾ ತಮ್ಮನ ಮನೆ ಸೇರಬೇಕಾಯಿತು.

ಶಾಲೆಯ ದಿನಗಳಲ್ಲೇ ಬಾಲಕನಿಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಗೀಳು ಹಿಡಿಯಿತು. ಉಳಿಸಿದ ಕಾಸಿನಲ್ಲಿ ಬೆಥೋವನ್, ಮೊಜಾರ್ಟರ ಗ್ರಾಮೊಫೋನ್ ತಟ್ಟೆಗಳನ್ನು ಕೊಳ್ಳತೊಡಗಿದರು. ಮುಂದೆ ಸ್ವರಲಿಪಿಯ ಪುಸ್ತಕಗಳನ್ನು ಕಾದಂಬರಿಯಂತೆ ಹಾಸಿಗೆಯಲ್ಲಿ ಓದುವಷ್ಟು ಪಳಗಿದರು. ಒಂದು ಸ್ವರ ಎಲ್ಲಿ ಹುಟ್ಟಿ, ಹೇಗೆ ಬೆಳೆದು, ಯಾವಾಗ ಮತ್ತೆ ಮರಳುತ್ತದೆ ಎಂಬ ಲೆಕ್ಕ ಅವರಿಗೆ ಹೀಗೆ ಕರಗತವಾಯಿತು. ಕಾಲದಲ್ಲಿ ಹರಿಯುವ ಇನ್ನೊಂದು ಕಲೆಯಾದ ಸಿನಿಮಾಕ್ಕೆ ಈ ಲೆಕ್ಕವೇ ಬಂಡವಾಳವಾಯಿತು.

ಹಳ್ಳಿಯ ಪರಿಚಯವಾದದ್ದು 1940ರಲ್ಲಿ ಶಾಂತಿನಿಕೇತನಕ್ಕೆ ಚಿತ್ರಕಲೆ ಕಲಿಯಲು ಹೋದಾಗ. ನಂದಲಾಲ್ ಬೋಸ್, ಬಿನೋದ್ ಬಿಹಾರಿ ಮುಖರ್ಜಿ ಅಲ್ಲಿನ ಗುರುಗಳು. ಪಟ್ಟಣದ ಹುಡುಗ ಸುತ್ತಲಿನ ಹಳ್ಳಿಗಳಲ್ಲಿ ಕುಳಿತು ರೇಖಾಚಿತ್ರ ಬರೆದ. 1943ರಲ್ಲಿ ಜಾಹೀರಾತು ಕಂಪನಿಯ ಕೆಲಸ ಸಿಕ್ಕಿತು. ಅದರ ನಡುವೆಯೇ ಬಿಭೂತಿಭೂಷಣ್ ಬಂದ್ಯೋಪಾಧ್ಯಾಯರ ‘ಪಥೇರ್ ಪಾಂಚಾಲಿ’ ಕಾದಂಬರಿಯ ಮಕ್ಕಳ ಆವೃತ್ತಿಗೆ ಚಿತ್ರ ಬರೆಯುವ ಅವಕಾಶ ಬಂತು. ಅಪು, ದುರ್ಗಾ ಅವರ ಮನಸ್ಸಿನಲ್ಲಿ ಮನೆ ಮಾಡಿದ್ದು ಆಗಲೇ.

ಲಂಡನ್ನಿನ ಒಂದು ಸಂಜೆ

1950ರಲ್ಲಿ ಕಂಪನಿ ಅವರನ್ನು ಕೆಲವು ತಿಂಗಳ ಮಟ್ಟಿಗೆ ಲಂಡನ್ನಿಗೆ ಕಳುಹಿಸಿತು. ಅಲ್ಲಿ ಅವರು ನೂರರ ಸುಮಾರು ಚಿತ್ರಗಳನ್ನು ನೋಡಿದರು. ಮನಸ್ಸನ್ನು ಅಲುಗಾಡಿಸಿದ್ದು ಇಟಲಿಯ ವಿತ್ತೋರಿಯೊ ಡಿ ಸಿಕಾ ನಿರ್ದೇಶಿಸಿದ ‘ಬೈಸಿಕಲ್ ಥೀವ್ಸ್’. ಕಳುವಾದ ಸೈಕಲ್ಲಿಗಾಗಿ ಬಡ ಕೂಲಿಕಾರನೊಬ್ಬ ಮಗನ ಜತೆ ರೋಮ್ ನಗರ ಸುತ್ತುವುದಷ್ಟೇ ಅದರ ಕಥೆ. ಮುಖ್ಯ ಪಾತ್ರಗಳಲ್ಲಿ ವೃತ್ತಿ ನಟರಿಲ್ಲ. ಬೀದಿಗಳೇ ಅದರ ಸೆಟ್ಟು.

ರಾಯ್ ಅದರಿಂದ ಕಥೆಯನ್ನಾಗಲೀ ದೃಶ್ಯವನ್ನಾಗಲೀ ಎರವಲು ಪಡೆಯಲಿಲ್ಲ. ಅವರಿಗೆ ಸಿಕ್ಕಿದ್ದು ಧೈರ್ಯ. ಹಣವಂತರ ಸ್ಟುಡಿಯೋ ಇಲ್ಲದೆ, ಹೆಸರಾಂತ ನಟರಿಲ್ಲದೆ, ನಮ್ಮ ಬಡತನವನ್ನೇ ಬೆಳಕಿಗೆ ಹಿಡಿದು ಚಿತ್ರ ಮಾಡಬಹುದೆಂಬ ಧೈರ್ಯ. ಊರಿಗೆ ಮರಳುವಾಗ ಹಡಗಿನಲ್ಲೇ ಚಿತ್ರದ ರೂಪುರೇಷೆ ಬರೆಯತೊಡಗಿದರು.

ದನ ಮೇಯ್ದ ಪಾಠ

ಸ್ಫೂರ್ತಿಗೆ ಒಂದು ಸಂಜೆ ಸಾಕಾಯಿತು. ಅದಕ್ಕೆ ತಕ್ಕ ಮನಸ್ಸು ಮಾಗಲು ವರ್ಷಗಳೇ ಹಿಡಿದವು. 1952ರ ಅಕ್ಟೋಬರಿನಲ್ಲಿ ಬಿಳಿ ತೆನೆ ಬಿಟ್ಟ ಕಾಶ ಹುಲ್ಲಿನ ಬಯಲಿನಲ್ಲಿ ಚಿತ್ರೀಕರಣ ಆರಂಭವಾಯಿತು. ಛಾಯಾಗ್ರಾಹಕ ಸುಬ್ರತ ಮಿತ್ರ ಇಪ್ಪತ್ತೊಂದರ ತರುಣ. ಅವರು ಅದಕ್ಕೆ ಮುನ್ನ ಚಲನಚಿತ್ರ ಕ್ಯಾಮೆರಾ ನಡೆಸಿದವರಲ್ಲ.

ಅಕ್ಕನನ್ನು ಹುಡುಕುತ್ತ ಅಪು ನಡೆದು ಬರಬೇಕು. ಸುಲಭವೆಂದುಕೊಂಡರೆ ಹುಡುಗ ಬೊಂಬೆಯಂತೆ ನೆಟ್ಟಗೆ ನಡೆದ. ಆಗ ರಾಯ್ ದಾರಿಯಲ್ಲಿ ಕಡ್ಡಿಕೊಂಬೆಗಳನ್ನು ಹಾಕಿದರು. ಸಹಾಯಕರನ್ನು ಹುಲ್ಲಿನಲ್ಲಿ ಅಡಗಿಸಿ, ಒಬ್ಬೊಬ್ಬರಿಂದ ಹುಡುಗನನ್ನು ಕೂಗಿಸಿದರು. ದಾಟುತ್ತ, ನಿಲ್ಲುತ್ತ, ತಿರುಗಿ ನೋಡುತ್ತ ಬಂದ ಹುಡುಗನ ನಡಿಗೆಯಲ್ಲಿ ಹುಡುಕಾಟ ತಾನಾಗಿ ಮೂಡಿತು. ಮುಂದಿನ ವಾರ ಬಂದು ನೋಡಿದರೆ ಬಯಲೇ ಬೋಳು! ದನಗಳು ಹುಲ್ಲನ್ನೆಲ್ಲ ಮೇಯ್ದಿದ್ದವು. ಉಳಿದ ಭಾಗಕ್ಕೆ ಮರುವರ್ಷದ ಹೂವಿಗಾಗಿ ಕಾಯಬೇಕಾಯಿತು.

ಹಣದ ಕಥೆಯೂ ಅಷ್ಟೇ. ವಿಮಾ ಪಾಲಿಸಿಯ ಮೇಲಿನ ಸಾಲ, ಪತ್ನಿ ಬಿಜಯಾ ಅವರ ಒಡವೆಗಳ ಗಿರವಿ, ಎಲ್ಲವೂ ಮುಗಿದು ಕೆಲಸ ತಿಂಗಳುಗಟ್ಟಲೆ ನಿಂತಿತು. ಆ ನಡುವೆ ಅಪುವಿನ ದನಿ ಒಡೆಯಲಿಲ್ಲ, ದುರ್ಗಾ ದೊಡ್ಡವಳಾಗಲಿಲ್ಲ, ಮುದುಕಿಯ ಪಾತ್ರ ಮಾಡಿದ ಎಂಬತ್ತರ ಹತ್ತಿರದ ಚುನಿಬಾಲಾ ದೇವಿ ಸಾಯಲಿಲ್ಲ. ಇವೇ ಮೂರು ಪವಾಡಗಳೆಂದು ರಾಯ್ ಮುಂದೆ ನೆನೆದರು. ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರ ಹಣ ಕೊಟ್ಟಿತು. ಮುಖ್ಯಮಂತ್ರಿ ಬಿ.ಸಿ. ರಾಯ್ ಅವರವರೆಗೆ ವಿಷಯ ಮುಟ್ಟಿಸಿದ್ದು ತಾಯಿ ಸುಪ್ರಭಾ ಅವರ ಪರಿಚಯದ ಬಲ. ಆದರೆ ಈ ವಿಳಂಬ ವ್ಯರ್ಥವಾಗಲಿಲ್ಲ. ಆಗಲೇ ತೆಗೆದಿದ್ದ ಭಾಗವನ್ನು ಜೋಡಿಸಿ ನೋಡುತ್ತ ರಾಯ್ ತಮ್ಮ ತಪ್ಪುಗಳನ್ನು ತಾವೇ ಗುರುತಿಸಿದರು. ಬೋರಾಲ್ ಗ್ರಾಮದ ಜನರೊಡನೆ ಬೆರೆತು, ಪುಸ್ತಕದಲ್ಲಿ ಓದಿದ ಹಳ್ಳಿಯನ್ನು ಕಣ್ಣಾರೆ ಕಂಡರು.

ಒಂದು ರಾತ್ರಿಯ ಸಂಗೀತ

ಸಂಗೀತ ನಿರ್ದೇಶನಕ್ಕೆ ಒಪ್ಪಿದ್ದ ರವಿಶಂಕರ್ ಅವರಿಗೆ ಬಿಡುವಿದ್ದದ್ದು ಅತಿ ಕಡಿಮೆ. ಚಿತ್ರದ ಒಂದಷ್ಟು ಭಾಗವನ್ನು ಮಾತ್ರ ನೋಡಿ, ಒಂದೇ ರಾತ್ರಿಯ ಕಲಾಪದಲ್ಲಿ ಬೆಳಗಿನ ಜಾವದವರೆಗೆ ಕುಳಿತು ಧ್ವನಿಮುದ್ರಣ ಮುಗಿಸಿದರು. ದುರ್ಗಾಳ ಸಾವಿನ ದುಃಖಕ್ಕೆ ಪಟದೀಪ್ ರಾಗ. ನುಡಿಸಿದವರು ದಕ್ಷಿಣಾಮೋಹನ ಠಾಕೂರ್. ವಾದ್ಯ, ಕಮಾನಿನಿಂದ ನುಡಿಸುವ ತಾರ್ ಶಹನಾಯಿ. ನಟಿ ಕರುಣಾ ಬ್ಯಾನರ್ಜಿ ನಿಜಕ್ಕೂ ಅತ್ತಿದ್ದರು. ರಾಯ್ ಆ ದನಿಯನ್ನು ತೆಗೆದು ತಂತಿಯ ನಾದವನ್ನು ಕೂರಿಸಿದರು. ಒಬ್ಬ ತಾಯಿಯ ಅಳು ಹೀಗೆ ಎಲ್ಲ ತಾಯಂದಿರದೂ ಆಯಿತು.

ಮುಂದಿನ ವರ್ಷ ಕಾನ್ ಉತ್ಸವದಲ್ಲಿ ಚಿತ್ರಕ್ಕೆ ಶ್ರೇಷ್ಠ ಮಾನವೀಯ ದಾಖಲೆ ಎಂಬ ಪ್ರಶಸ್ತಿ ಬಂತು. 1961ರ ‘ತೀನ್ ಕನ್ಯಾ’ದಿಂದ ತಮ್ಮ ಚಿತ್ರಗಳ ಸಂಗೀತವನ್ನು ರಾಯ್ ತಾವೇ ಸಂಯೋಜಿಸತೊಡಗಿದರು. 1964ರ ‘ಚಾರುಲತಾ’ ರೂಪಿಸುವಾಗ ಮೊಜಾರ್ಟ್ ಸದಾ ಮನಸ್ಸಿನಲ್ಲಿದ್ದನೆಂದು ಅವರೇ ಹೇಳಿದ್ದುಂಟು. 1992ರ ಏಪ್ರಿಲ್ 23ರಂದು ಅವರು ನಿಧನರಾಗುವ ಹೊತ್ತಿಗೆ ಭಾರತ ರತ್ನ, ಆಸ್ಕರ್ ಗೌರವಗಳು ಸಂದಿದ್ದವು.

ಬೇರೆಯವರ ಚಿತ್ರ, ಬೇರೆಯವರ ಸಂಗೀತ ಕಲಾವಿದನಿಗೆ ಬಾಗಿಲು ತೆರೆದು ಕೊಡಬಲ್ಲವು. ಒಳಗೆ ಕಾಲಿಟ್ಟ ಮೇಲೆ ಎದುರಾಗುವುದು ಅವನದೇ ನೆಲ, ಅವನದೇ ಜನ. ರಾಯ್ ಅಲ್ಲಿ ಮೂರು ವರ್ಷ ಕಾದರು, ತಿದ್ದಿಕೊಂಡರು. ಕೊನೆಗೆ ತಾಯಿಯ ಅಳುವಿಗೆ ತಕ್ಕ ದನಿ ಯಾವುದೆಂದು ಅರಿತರು.