ವೃತ್ತಿಯ ಎಣಿಕೆ: ಪಾಕಿಸ್ತಾನದ ದೇಶೀಯ ಕ್ರಿಕೆಟ್ಟಿನ ಒಂದು ಪ್ರಕರಣ

ಅಗ್ರಹಾರವನ್ನು ಇಷ್ಟು ವೃತ್ತಿಗಳೆಂದು ಎಣಿಸಿ ದಾನವೀಯುತ್ತಿದ್ದ ಪದ್ಧತಿಯು ಕನ್ನಡ ಶಾಸನಗಳನ್ನು ಓದಿದವರಿಗೆ ಸುವಿದಿತವಾದುದು. ಕ್ರೀಡೆಯಲ್ಲಿಯೂ ಎಷ್ಟು ಮಂದಿಗೆ ವೃತ್ತಿಯನ್ನು ಕಲ್ಪಿಸಬೇಕೆಂಬ ಪ್ರಶ್ನೆಯುಂಟೆಂಬುದಕ್ಕೆ ಪಾಕಿಸ್ತಾನದ ಕ್ರಿಕೆಟ್ಟಿನ ಇತಿಹಾಸವು ನಿದರ್ಶನವಾಗಿದೆ.

1970ರ ದಶಕದಲ್ಲಿ ಅಲ್ಲಿಯ ಕ್ರಿಕೆಟ್ ಮಂಡಲಿಯ ಅಧ್ಯಕ್ಷರಾಗಿದ್ದ ಅಬ್ದುಲ್ ಹಫೀಜ್ ಕಾರ್ದಾರರು, ಬ್ಯಾಂಕು ಮೊದಲಾದ ಸಂಸ್ಥೆಗಳು ಆಟಗಾರರಿಗೆ ಉದ್ಯೋಗವನ್ನಿತ್ತು ತಂಡಗಳನ್ನು ಪೋಷಿಸುವಂತೆ ಪ್ರೇರಿಸಿದರು. ಆಟವು ನಿಂತ ಬಳಿಕವೂ ಅನೇಕರಿಗೆ ಆ ಉದ್ಯೋಗವೇ ಆಧಾರವಾಗಿದ್ದಿತು. ತಂಡಗಳು ಹೆಚ್ಚಿದರೆ ಸ್ಪರ್ಧೆಯು ಸಡಿಲವಾಗುವುದೆಂಬ ಆಕ್ಷೇಪವಾದರೋ ನಿರಾಧಾರವಲ್ಲ. ಇದಕ್ಕೂ ಮೊದಲೇ, 1964ರಲ್ಲಿ, ಲಾಹೋರಿನಲ್ಲಿ ರೈಲ್ವೆ ತಂಡವು ಡೇರಾ ಇಸ್ಮಾಯಿಲ್ ಖಾನ್ ತಂಡವನ್ನು ಒಂದು ಇನ್ನಿಂಗ್ಸ್ ಮತ್ತು 851 ರನ್ನುಗಳಿಂದ ಸೋಲಿಸಿದ್ದಿತು. ಸೋತವರ ಎರಡು ಇನ್ನಿಂಗ್ಸುಗಳೂ ಸೇರಿ 59 ರನ್ನು ಮಾತ್ರ!

2019ರಲ್ಲಿ ಸಂಸ್ಥೆಗಳ ತಂಡಗಳನ್ನು ಕೈಬಿಟ್ಟು, ಆಸ್ಟ್ರೇಲಿಯದ ಆರು ರಾಜ್ಯಗಳ ಮಾದರಿಯಲ್ಲಿ ಆರು ಸಂಘಗಳನ್ನು ರಚಿಸಿ, ತಲಾ 32ರಂತೆ 192 ಆಟಗಾರರೊಡನೆ ಕರಾರು ಮಾಡಲಾಯಿತು. ಸ್ಪರ್ಧೆಯ ದೃಷ್ಟಿಯಿಂದ ಈ ಸಂಖ್ಯೆಯು ಯುಕ್ತವೆಂದೇ ಹೇಳಬೇಕು. ಆದರೆ 32 ಎಂಬುದು ಮೊದಲನೆಯ ಮತ್ತು ಎರಡನೆಯ ತಂಡಗಳಿಗೆ ತಲಾ 16ರಂತೆ ಬೇಕಾದವರ ಲೆಕ್ಕವೇ ಹೊರತು, ಆಟವನ್ನೇ ನಂಬಿ ಬದುಕುತ್ತಿದ್ದವರ ಲೆಕ್ಕವಲ್ಲ. ಕರಾರು ವರ್ಷಾವಧಿಯದು; ಉದ್ಯೋಗವು ಬಾಳಿನದು. ಈ ಭೇದವನ್ನು ಗಣಿಸದೆ ಮೊದಲಿನ ಆಶ್ರಯವನ್ನು ಕಿತ್ತುದೇ ದೋಷವೆಂದು ತೋರುತ್ತದೆ. ಪ್ರಥಮ ದರ್ಜೆಯಲ್ಲಿ ಆಡಿದ್ದವನೊಬ್ಬನು ಸರಕಿನ ಬಾಡಿಗೆ ವಾಹನವನ್ನು ಓಡಿಸಿ ಜೀವಿಸುತ್ತಿದ್ದ ಸಂಗತಿಯು ಅದೇ ವರ್ಷ ಬೆಳಕಿಗೆ ಬಂದಿತು.

2023ರಲ್ಲಿ ಸಂಸ್ಥೆಗಳ ತಂಡಗಳು ಪುನಃ ಕಣಕ್ಕಿಳಿದವು. ಮೊದಲಿದ್ದವೆಲ್ಲವೂ ಮರಳಲಿಲ್ಲ.