ಕಿವಿಗೊಡುವ ಪಾಠ: ನಮ್ಮ ಥಾಣೆ ಜಿಲ್ಲೆಯ ಹಳೆಯ ಶಾಲೆಗಳು ಹೇಳುವುದು

ಕಳೆದ ವರ್ಷ ಜುಲೈಯಲ್ಲಿ, ಆರನೇ ತರಗತಿಯಲ್ಲಿ ಓದುವ ನನ್ನ ಮಗಳ ಟೀಚರ್ ಫೋನ್ ಮಾಡಿದರು. ನಾನು ಐರೋಲಿಯ ಆಫೀಸಿನಲ್ಲಿದ್ದೆ. ಮಗುವಿಗೆ ಜ್ವರ ಬಂದಿರಬೇಕು ಎಂದುಕೊಂಡು ಮೀಟಿಂಗ್ ಬಿಟ್ಟು ಹೊರಗೆ ಬಂದೆ. ವಿಷಯ ಬೇರೆಯೇ ಇತ್ತು. ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು ನಿಂತು ಇಂಗ್ಲಿಷ್ ಪಾಠ ಓದುವಾಗ ಅವಳ ಉಚ್ಚಾರ ಕೇಳಿ ನಾಲ್ಕೈದು ಮಕ್ಕಳು ನಕ್ಕಿದ್ದರು. ಆಮೇಲೆ ಡಬ್ಬಿ ತಿನ್ನುವ ಬಿಡುವಿನಲ್ಲಿ ಅವಳಂತೆಯೇ ಮಾತನಾಡಿ ಅಣಕಿಸಿದ್ದರು. ಅಣಕಿಸಿದವರಲ್ಲಿ ನನ್ನ ಮಗಳೇ ಮುಂದೆ. ಆ ಹುಡುಗಿ ಎರಡು ದಿನದಿಂದ ಶಾಲೆಗೆ ಬಂದಿರಲಿಲ್ಲ.

ನನಗೆ ನಾಚಿಕೆಯಾಯಿತು. ಹದಿಮೂರು ವರ್ಷಗಳ ಹಿಂದೆ ಎಂ.ಟೆಕ್ ಮುಗಿಸಿ, ಮದುವೆಯಾಗಿ ಡೊಂಬಿವಲಿಗೆ ಬಂದಾಗ ನನ್ನ ಹಿಂದಿಯೂ ಹಾಗೆಯೇ ಇತ್ತು. ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನಾನು ಬಾಯಿ ತೆರೆದಾಗ ನಕ್ಕವರ ಮುಖ ಇನ್ನೂ ಮರೆತಿಲ್ಲ. ನನಗೆ ನೋವು ಕೊಟ್ಟದ್ದನ್ನೇ ನನ್ನ ಮಗಳು ಇನ್ನೊಬ್ಬರಿಗೆ ಮಾಡಿದ್ದಳು. ಮನೆಗೆ ಬಂದು ಅವಳ ಪ್ರಗತಿ ಪತ್ರ ತೆಗೆದು ನೋಡಿದೆ. ಮೌಲ್ಯ ಶಿಕ್ಷಣದಲ್ಲಿ ಅವಳಿಗೆ 'ಎ' ಗ್ರೇಡ್!

ಆ 'ಎ' ಗ್ರೇಡ್ ನನ್ನನ್ನು ತುಂಬಾ ದಿನ ಕಾಡಿತು. ಇನ್ನೊಬ್ಬರ ಮನಸ್ಸನ್ನು ಅರಿಯುವುದು, ನಮ್ಮ ಮನಸ್ಸನ್ನು ನೋಯಿಸದಂತೆ ಹೇಳುವುದು, ಇದನ್ನು ಶಾಲೆಯಲ್ಲಿ ಕಲಿಸಲು ಸಾಧ್ಯವೇ? ಸಾಧ್ಯವಾದರೆ ಯಾವ ಪೀರಿಯಡ್‌ನಲ್ಲಿ? ಹಿಂದೆ ಯಾರಾದರೂ ಕಲಿಸಿದ್ದಾರೆಯೇ? ರೈಲಿನಲ್ಲಿ ಓಡಾಡುವ ಸಮಯವನ್ನು ಈ ಪ್ರಶ್ನೆಗಳ ಹಿಂದೆ ಹೋಗಲು ಬಳಸಿಕೊಂಡೆ. ಸಿಕ್ಕಿದ್ದು ನಾನು ಅಂದುಕೊಂಡದ್ದಕ್ಕಿಂತ ಹಳೆಯ ಕಥೆ. ಅದರ ಒಂದು ಮುಖ್ಯ ಅಧ್ಯಾಯವಂತೂ ನಮ್ಮ ಥಾಣೆ ಜಿಲ್ಲೆಯದ್ದೇ.

ಹದಿನಾಲ್ಕರ ಹುಡುಗಿಯ ಪ್ರಬಂಧ

'ಎಂಪಥಿ' ಎಂಬ ಪದ ಇಂಗ್ಲಿಷಿಗೆ ಬಂದದ್ದು 1909ರಲ್ಲಿ, ಒಂದು ಜರ್ಮನ್ ಪದದ ಅನುವಾದವಾಗಿ. ಆದರೆ ಅದಕ್ಕಿಂತ ಅರ್ಧ ಶತಮಾನ ಮೊದಲೇ ಪುಣೆಯ ಒಂದು ಶಾಲೆಯಲ್ಲಿ ಅದರ ಪಾಠ ನಡೆದಿತ್ತು. ಸಾವಿತ್ರಿಬಾಯಿ ಮತ್ತು ಜ್ಯೋತಿರಾವ್ ಫುಲೆ 1848ರಲ್ಲಿ ಭಿಡೆ ವಾಡಾದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದದ್ದು ನಮಗೆಲ್ಲ ಗೊತ್ತು. ಅವರ ಶಾಲೆಯಲ್ಲಿ ಕಲಿತ ಮುಕ್ತಾ ಸಾಳ್ವೆ ಎಂಬ ಹುಡುಗಿಯ ಹೆಸರು ನನಗೆ ಗೊತ್ತಿರಲಿಲ್ಲ. ಅಸ್ಪೃಶ್ಯರೆನಿಸಿಕೊಂಡಿದ್ದ ಮಾಂಗ ಸಮುದಾಯದ ಈ ಹುಡುಗಿ ಸುಮಾರು ಹದಿನಾಲ್ಕನೇ ವಯಸ್ಸಿನಲ್ಲಿ ಮಾಂಗ ಮತ್ತು ಮಹಾರ ಜನರ ದುಃಖದ ಬಗ್ಗೆ ಒಂದು ಪ್ರಬಂಧ ಬರೆದಳು. 1855ರಲ್ಲಿ 'ಜ್ಞಾನೋದಯ' ಪತ್ರಿಕೆ ಅದನ್ನು ಪ್ರಕಟಿಸಿತು.

ಇಂದಿನ ಲೆಕ್ಕದಲ್ಲಿ ಆಕೆ ಎಂಟನೇ ತರಗತಿಯವಳು. ಆಕೆಗೆ ಸಿಕ್ಕಿದ್ದು ಭಾಷೆಯ ಪಾಠ, ಅಷ್ಟೇ. ಆದರೆ ಆ ಪಾಠದಲ್ಲಿ 'ನಿನ್ನ ಮನೆಯ ಕಥೆಯೂ ಬರೆಯಲು ಯೋಗ್ಯ' ಎಂದು ಯಾರೋ ಅವಳನ್ನು ನಂಬಿಸಿದ್ದರು. ಅವಳು ಯಾರ ಕನಿಕರವನ್ನೂ ಕೇಳಲಿಲ್ಲ. ತನ್ನ ಜನರ ಬಾಳನ್ನು ತಾನೇ ಹೇಳಿದಳು, ಓದಿದವರು ಕೇಳಿಸಿಕೊಳ್ಳಬೇಕಾಯಿತು. ಕನಿಕರಕ್ಕೂ ಸಹಾನುಭೂತಿಗೂ ಇರುವ ವ್ಯತ್ಯಾಸ ನನಗೆ ಸ್ಪಷ್ಟವಾದದ್ದು ಇಲ್ಲಿ. ಕನಿಕರಕ್ಕೆ ಎದುರಿಗಿರುವವರು ಮಾತನಾಡಲೇಬೇಕೆಂದಿಲ್ಲ. ಸಹಾನುಭೂತಿ ಅವರ ಮಾತಿನಿಂದಲೇ ಶುರುವಾಗುತ್ತದೆ. ಹಾಗಾಗಿ ಮಾತನಾಡುವ ಪಾಠ ಮತ್ತು ಮರುಗುವ ಪಾಠ ಎರಡೂ ಒಂದೇ.

ನಮ್ಮ ಕನ್ನಡ ಕರಾವಳಿಯಲ್ಲೂ ಇಂಥ ಕಥೆಯಿದೆ. ಕಾಸರಗೋಡಿನಲ್ಲಿ ಹುಟ್ಟಿದ ಕುದ್ಮುಲ್ ರಂಗರಾಯರು 1890ರ ದಶಕದಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಇದಕ್ಕಾಗಿ ಸ್ವಜಾತಿಯವರ ಬಹಿಷ್ಕಾರವನ್ನೂ ಉಂಡರು. ಮುಂಬಯಿಗೆ ಬಂದು ನೆಲೆಸಿದ ನಮ್ಮ ಊರಿನವರಲ್ಲಿ ಎಷ್ಟು ಜನ ಮಕ್ಕಳಿಗೆ ಅವರ ಕಥೆ ಹೇಳಿದ್ದೇವೆ?

ಸಾನೆ ಗುರೂಜಿ ಎಂಬ ಮೇಷ್ಟ್ರು

ಮಹಾರಾಷ್ಟ್ರದಲ್ಲಿ ಈ ಪಾಠದ ಇನ್ನೊಂದು ಹೆಸರು ಸಾನೆ ಗುರೂಜಿ. 'ಶ್ಯಾಮಚಿ ಆಯಿ' ಬರೆದವರು ಎಂದು ನಾವು ಬಲ್ಲೆವು. ಅದಕ್ಕೂ ಮೊದಲು, 1924ರಿಂದ 1930ರವರೆಗೆ, ಅವರು ಖಾನದೇಶದ ಅಮಳನೇರಿನ ಪ್ರತಾಪ್ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದರು, ಹಾಸ್ಟೆಲಿನ ಜವಾಬ್ದಾರಿಯನ್ನೂ ಹೊತ್ತಿದ್ದರು. ಹುಡುಗರು ಕೋಣೆ ಗುಡಿಸದೆ ಹೋದರೆ ಬಯ್ಯದೆ ತಾವೇ ಗುಡಿಸಿಬಿಡುತ್ತಿದ್ದರಂತೆ. ಹಾಸ್ಟೆಲಿಗಾಗಿ ಕೈಬರಹದ ದಿನಪತ್ರಿಕೆಯೊಂದನ್ನು ತಾವೇ ಬರೆದು ಹುಡುಗರ ಮುಂದಿಡುತ್ತಿದ್ದರು.

1947ರಲ್ಲಿ ಪಂಢರಪುರದ ವಿಠ್ಠಲನ ಗುಡಿಯನ್ನು ದಲಿತರಿಗೆ ತೆರೆಯಬೇಕೆಂದು ಉಪವಾಸ ಕೂತವರೂ ಅವರೇ. ನಮ್ಮಂಥ ಹೊರನಾಡ ಕನ್ನಡಿಗರಿಗೆ ಹತ್ತಿರವಾಗುವುದು ಅವರ 'ಆಂತರಭಾರತಿ' ಕನಸು. ತಿರುಚಿನಾಪಳ್ಳಿಯ ಸೆರೆಮನೆಯಲ್ಲಿ ಬೇರೆ ಪ್ರಾಂತಗಳ ಸಂಗಾತಿಗಳ ಜೊತೆ ಇದ್ದಾಗ, ಅವರ ಭಾಷೆ ತನಗೆ ಬಾರದ ಕೊರಗು ಅವರನ್ನು ಹಿಡಿಯಿತು. ಒಂದು ಪ್ರಾಂತದ ಮಕ್ಕಳು ಇನ್ನೊಂದು ಪ್ರಾಂತದ ಭಾಷೆ, ಕಥೆ, ಹಾಡು ಕಲಿಯಬೇಕು ಎಂಬ ವಿಚಾರ ಅಲ್ಲಿಂದ ಬೆಳೆಯಿತು. ಡೊಂಬಿವಲಿಯ ಒಂದು ಮಹಡಿಯಲ್ಲಿ ಮರಾಠಿ, ಕನ್ನಡ, ತುಳು, ಗುಜರಾತಿ, ಮಲಯಾಳಂ ಒಟ್ಟಿಗೆ ಕೇಳಿಸುತ್ತವೆ. ಆದರೂ ಒಂದು ಉಚ್ಚಾರಕ್ಕೆ ಮಕ್ಕಳು ನಗುತ್ತಾರೆ ಎಂದರೆ ಆ ಕನಸು ಇನ್ನೂ ಶಾಲೆಯ ಒಳಗೆ ಬಂದಿಲ್ಲ.

ಹುಲ್ಲುಗಾವಲಿಗೆ ನಡೆದು ಹೋದ ಶಾಲೆ

ಈಗ ನಮ್ಮ ಜಿಲ್ಲೆಗೆ ಬರುತ್ತೇನೆ. 2014ರಲ್ಲಿ ಪಾಲಘರ್ ಬೇರೆ ಜಿಲ್ಲೆಯಾಗುವವರೆಗೆ ಡಹಾಣು ಭಾಗವೂ ಥಾಣೆ ಜಿಲ್ಲೆಯೇ ಆಗಿತ್ತು. ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರೊಂದಿಗೆ ಬಾಲಶಿಕ್ಷಣದ ಪ್ರಯೋಗ ಮಾಡಿದ್ದ ತಾರಾಬಾಯಿ ಮೋಡಕ್ 1945ರಲ್ಲಿ ಡಹಾಣು ಹತ್ತಿರದ ಬೋರ್ಡಿಗೆ ಬಂದು ಹಳ್ಳಿಯ ಮಕ್ಕಳ ಕೇಂದ್ರ ಆರಂಭಿಸಿದರು. ಅವರ ಜೊತೆ ಸೇರಿದವರು ಅನುತಾಯಿ ವಾಘ್. ಬಾಲ್ಯದಲ್ಲೇ ಮದುವೆಯಾಗಿ ಬಾಲ್ಯದಲ್ಲೇ ವಿಧವೆಯಾದ ಅನುತಾಯಿ ಛಲದಿಂದ ಓದಿ ಶಿಕ್ಷಕಿಯಾಗಿದ್ದರು.

ಅಲ್ಲಿ ಇವರು ಎದುರಿಸಿದ ಸಮಸ್ಯೆ ಸರಳ: ಶಾಲೆ ಇದೆ, ಬಡ ಮಕ್ಕಳು ಬರುವುದಿಲ್ಲ. 'ಅವರಿಗೆ ಓದಿನ ಬೆಲೆ ಗೊತ್ತಿಲ್ಲ' ಎಂದು ಹೇಳಿ ಸುಮ್ಮನಾಗಬಹುದಿತ್ತು. ಇವರು ಹಾಗೆ ಮಾಡದೆ ಶಾಲೆಯನ್ನೇ ಮಕ್ಕಳ ಅಂಗಳಕ್ಕೆ ಒಯ್ದರು. ಇಂದು ದೇಶದ ಮೂಲೆಮೂಲೆಯಲ್ಲಿ ನಾವು ಬಳಸುವ 'ಅಂಗನವಾಡಿ' ಎಂಬ ಮಾತಿನ ಬೇರು ಇಲ್ಲಿದೆ. 1975ರಲ್ಲಿ ಕೇಂದ್ರ ಸರ್ಕಾರದ ಯೋಜನೆ ಆ ಹೆಸರನ್ನು ದೇಶಕ್ಕೆಲ್ಲ ಹಬ್ಬಿಸಿತು.

1950ರ ದಶಕದಲ್ಲಿ ಅವರ ಕೆಲಸ ಕೋಸಬಾಡ ಗುಡ್ಡಕ್ಕೆ, ವಾರಲಿ ಆದಿವಾಸಿಗಳ ನಡುವೆ ಹೋಯಿತು. ಅಲ್ಲಿ ಸ್ವಲ್ಪ ದೊಡ್ಡ ಮಕ್ಕಳು ದನ ಮೇಯಿಸಲು ಹೋಗಬೇಕಿತ್ತು. ದನ ಬಿಟ್ಟು ಶಾಲೆಗೆ ಬನ್ನಿ ಎಂದರೆ ಮನೆಯ ಊಟಕ್ಕೇ ಕಲ್ಲು. ಹಾಗಾಗಿ ಶಿಕ್ಷಕರೇ ದನಗಳ ಹಿಂದೆ ಹೋದರು. ಅದು 'ಕುರಣ ಶಾಳಾ', ಅಂದರೆ ಹುಲ್ಲುಗಾವಲಿನ ಶಾಲೆ. ಲೆಕ್ಕಕ್ಕೆ ಕಲ್ಲು, ಬೀಜ, ಎಲೆ. ವಿಜ್ಞಾನಕ್ಕೆ ಸುತ್ತಲಿನ ಕಾಡು.

ಅನುತಾಯಿ ಅಲ್ಲಿ 'ಮೌಲ್ಯ ಶಿಕ್ಷಣ' ಎಂಬ ಪೀರಿಯಡ್ ಇಡಲಿಲ್ಲ. ಗಣಿತವನ್ನು, ವಿಜ್ಞಾನವನ್ನು ಕಲಿಸುವ ರೀತಿಯಲ್ಲೇ ಆ ಮೌಲ್ಯ ಇತ್ತು. 'ನಿನ್ನ ದಿನ ಹೇಗಿದೆ ಎಂದು ಮೊದಲು ತಿಳಿದುಕೊಂಡೆ, ಆಮೇಲೆ ಪಾಠ ತಂದೆ' ಎನ್ನುವುದು ಆ ಮಕ್ಕಳಿಗೆ ಹೇಳದೆಯೇ ತಲುಪುತ್ತಿತ್ತು. ತಾರಾಬಾಯಿಗೆ 1962ರಲ್ಲಿ ಪದ್ಮಭೂಷಣ, ಮುಂದೆ ಅನುತಾಯಿಗೆ ಪದ್ಮಶ್ರೀ ಬಂತು.

ಕಾಗದದ ಮೇಲೆ ಬಂದದ್ದು

ಮುಂದಿನದು ಬೇಗ ಹೇಳಿ ಮುಗಿಸುವ ಕಥೆ. 1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹತ್ತು ಜೀವನ ಕೌಶಲಗಳ ಪಟ್ಟಿ ಕೊಟ್ಟಿತು. ಸಹಾನುಭೂತಿ ಮತ್ತು ಪರಿಣಾಮಕಾರಿ ಸಂವಹನ ಎರಡೂ ಅದರಲ್ಲಿವೆ. 1996ರ ಯುನೆಸ್ಕೋ ವರದಿ 'ಕೂಡಿ ಬಾಳಲು ಕಲಿಯುವುದು' ಶಿಕ್ಷಣದ ನಾಲ್ಕು ಕಂಬಗಳಲ್ಲೊಂದು ಎಂದಿತು. ಅದೇ ವರ್ಷ ಟೊರಾಂಟೊದಲ್ಲಿ ಮೇರಿ ಗೋರ್ಡನ್ ಎಂಬ ಶಿಕ್ಷಕಿ ಹಸುಗೂಸನ್ನು ಅದರ ತಂದೆತಾಯಿಯ ಜೊತೆ ಆಗಾಗ ತರಗತಿಗೆ ಕರೆಸಿ, ಮಾತು ಬಾರದ ಮಗುವಿನ ಮನಸ್ಸನ್ನು ಓದಲು ಮಕ್ಕಳಿಗೆ ಕಲಿಸುವ ಕಾರ್ಯಕ್ರಮ ಶುರುಮಾಡಿದರು. ನಮ್ಮಲ್ಲಿ 2009ರಲ್ಲಿ ಬೀಡ್ ಜಿಲ್ಲೆಯ 500 ಶಾಲೆಗಳಲ್ಲಿ 'ಮೂಲ್ಯವರ್ಧನ' ಆರಂಭವಾಗಿ ಮುಂದೆ ರಾಜ್ಯದ ಬೇರೆ ಜಿಲ್ಲೆಗಳಿಗೂ ಹರಡಿತು. 2018ರಲ್ಲಿ ದೆಹಲಿ ಸರ್ಕಾರಿ ಶಾಲೆಗಳಲ್ಲಿ ಎಂಟನೇ ತರಗತಿಯವರೆಗೆ 'ಹ್ಯಾಪಿನೆಸ್' ಪಠ್ಯಕ್ರಮ ಬಂತು.

ಇವೆಲ್ಲದರಲ್ಲಿ ನನಗೆ ಸರಿಯೆನಿಸಿದ ಮಾತು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನದು. ಶಾಂತಿಯ ಶಿಕ್ಷಣ ಇನ್ನೊಂದು ವಿಷಯವಾಗಿ ಸೇರಬಾರದು, ಎಲ್ಲ ವಿಷಯಗಳ ಒಳಗೂ ಹರಿಯಬೇಕು ಎಂಬುದು ಅದರ ನಿಲುವು. ಕೋಸಬಾಡದ ಗುಡ್ಡದ ಮೇಲೆ ಆಗಲೇ ನಡೆದಿದ್ದನ್ನು ಕಾಗದ ಆಮೇಲೆ ಹೇಳಿತು. ಆರರಿಂದ ಎಂಟನೇ ತರಗತಿಯಲ್ಲಿ ಇದು ಕಷ್ಟ ಎಂಬುದೂ ನಿಜ. ಒಂದೊಂದು ವಿಷಯಕ್ಕೆ ಒಬ್ಬೊಬ್ಬ ಟೀಚರ್, ತರಗತಿಯಲ್ಲಿ ಐವತ್ತರ ಆಸುಪಾಸು ಮಕ್ಕಳು, ಮುಗಿಸಬೇಕಾದ ಪೋರ್ಷನ್. ಮಕ್ಕಳಿಗೆ ಗೆಳೆಯರ ಗುಂಪೇ ಪ್ರಪಂಚವಾಗುವ ವಯಸ್ಸೂ ಅದೇ. ಆಗ ಕಲಿಯದಿದ್ದರೆ ಏನಾಗುತ್ತದೆ ಎಂದು ನನ್ನ ಕ್ಷೇತ್ರವನ್ನು ನೋಡಿದರೆ ಸಾಕು. ಮೂವತ್ತು ದಾಟಿದ ಎಂಜಿನಿಯರುಗಳನ್ನು ಕೂರಿಸಿ, ಎದುರಿನವರು ಮಾತು ಮುಗಿಸುವವರೆಗೆ ಕಾಯುವುದು ಹೇಗೆ ಎಂದು ಹಣ ಕೊಟ್ಟು ಕಲಿಸುತ್ತೇವೆ. ಆ ತರಬೇತಿಯಲ್ಲಿ ನಾನೂ ಕೂತಿದ್ದೇನೆ.

ಒಂದು ಪ್ರಾಜೆಕ್ಟ್

ಮತ್ತೆ ನನ್ನ ಮಗಳ ತರಗತಿಗೆ. ಟೀಚರ್ ಯಾರಿಗೂ ಶಿಕ್ಷೆ ಕೊಡಲಿಲ್ಲ. ಇತಿಹಾಸದ ಪಾಠಕ್ಕೆ ಒಂದು ಪ್ರಾಜೆಕ್ಟ್ ಕೊಟ್ಟರು: ಇಬ್ಬಿಬ್ಬರು ಜೋಡಿಯಾಗಿ ಒಬ್ಬ ಹಿರಿಯರನ್ನು ಮಾತನಾಡಿಸಿ, ಅವರ ಕಾಲದಲ್ಲಿ ಈ ಊರು ಹೇಗಿತ್ತೆಂದು ಬರೆದು ತನ್ನಿ. ನನ್ನ ಮಗಳಿಗೆ ಜೋಡಿ ಯಾರೆಂದು ಹೇಳಬೇಕಿಲ್ಲ.

ಆ ಹುಡುಗಿಯ ಮನೆಯವರು ಆಗ್ರಿ ಸಮುದಾಯದವರು, ಈ ನೆಲದ ಮೂಲ ನಿವಾಸಿಗಳು. ಅವಳ ಅಜ್ಜಿಯ ತವರು ಉರಣದ ಕಡೆ. ಒಂದು ಭಾನುವಾರ ಮಗಳನ್ನು ಕರೆದುಕೊಂಡು ನಾನೂ ಹೋದೆ. ಆ ಆಜಿ ಹೇಳಿದ್ದು ನವಿ ಮುಂಬಯಿ ಹುಟ್ಟಿದ ಕಥೆ. 1970ರಲ್ಲಿ ಸಿಡ್ಕೋ ಬಂತು. ಹೊಸ ನಗರಕ್ಕಾಗಿ 95 ಹಳ್ಳಿಗಳ ನೆಲ ಗುರುತಾಯಿತು. ಬೆಲೆ ಸಾಲದೆಂದು ದಿ. ಬಾ. ಪಾಟೀಲರ ಮುಂದಾಳತ್ವದಲ್ಲಿ ರೈತರು ಎದ್ದರು. 1984ರ ಜನವರಿ 16 ಮತ್ತು 17ರಂದು ಉರಣ ತಾಲೂಕಿನಲ್ಲಿ ನಡೆದ ಗೋಲೀಬಾರಿನಲ್ಲಿ ಐವರು ಪ್ರಾಣ ಬಿಟ್ಟರು. ಆ ಹೋರಾಟದ ಫಲವಾಗಿಯೇ ಮುಂದೆ ಕಳೆದುಕೊಂಡ ನೆಲದ ಶೇಕಡಾ 12.5ರಷ್ಟು ಅಭಿವೃದ್ಧಿಪಡಿಸಿದ ಜಾಗ ರೈತರಿಗೆ ಮರಳುವ ಯೋಜನೆ ಬಂತು. ನಾನು ದಿನಾ ಠಾಣೆಯಲ್ಲಿ ರೈಲು ಬದಲಿಸಿ ಹೋಗುವ ಐರೋಲಿಯೂ ಒಂದು ಕಾಲಕ್ಕೆ ಇಂಥವರದೇ ಊರು. ಇಷ್ಟು ವರ್ಷ ನನಗೆ ಇದು ಹೊಳೆದಿರಲಿಲ್ಲ.

ಆಜಿಯ ಆಗ್ರಿ ಮಾತು ನನ್ನ ಮಗಳಿಗೆ ಅರ್ಥವಾಗಲಿಲ್ಲ. ಪ್ರತಿ ವಾಕ್ಯಕ್ಕೂ ಆ ಹುಡುಗಿಯನ್ನೇ ಕೇಳಬೇಕಾಯಿತು. ಯಾವ ಉಚ್ಚಾರಕ್ಕೆ ನಕ್ಕಿದ್ದಳೋ ಅದರ ಮೂಲವನ್ನೇ ಕಲಿಯಬೇಕಾಯಿತು. ಗಣಿತದ ಟೀಚರ್ ಎಲ್ಲ ಮಕ್ಕಳ ಪ್ರಾಜೆಕ್ಟುಗಳಿಂದ ಮನೆಮಾತುಗಳನ್ನು ಎಣಿಸಿ ಸ್ತಂಭಾಲೇಖ ಬರೆಸಿದರು. ಭೂಗೋಳದ ತರಗತಿಯಲ್ಲಿ ನಮ್ಮ ನಲ್ಲಿಯ ನೀರು ಎಲ್ಲಿಂದ ಬರುತ್ತದೆ ಎಂದು ಹುಡುಕಿ ಬದ್ಲಾಪುರದಾಚೆಯ ಬಾರವಿ ಅಣೆಕಟ್ಟೆಯವರೆಗೆ ಹೋದರು. ಅದರ ಎತ್ತರ ಹೆಚ್ಚಿಸಿದಾಗ ನೀರಿನಡಿ ಹೋದ ಹಳ್ಳಿಗಳ ಬಗ್ಗೆ ಓದಿದರು.

ಇಬ್ಬರೂ ಜೀವದ ಗೆಳತಿಯರಾದರು ಎಂದು ಬರೆದರೆ ಸುಳ್ಳಾಗುತ್ತದೆ. ಮಗಳು ಕ್ಷಮೆ ಕೇಳಿದಳು. ಆ ಹುಡುಗಿ ತಲೆಯಾಡಿಸಿದಳು, ಏನೂ ಹೇಳಲಿಲ್ಲ. ಆದರೆ ಈಗ ಅವಳು ಎದ್ದು ಓದುವಾಗ ತರಗತಿ ಸುಮ್ಮನಿರುತ್ತದೆಯಂತೆ.

ನಮ್ಮ ಮಹಿಳಾ ವೇದಿಕೆಯ ಸಹೋದರಿಯರಲ್ಲಿ ನನ್ನದೊಂದು ಕೋರಿಕೆ. ಸಂಘದ ಮಕ್ಕಳ ಕನ್ನಡ ತರಗತಿಗಳಲ್ಲಿ ಅಕ್ಷರದ ಜೊತೆ ಇದನ್ನೂ ಮಾಡೋಣ. ಮಕ್ಕಳು ನಮ್ಮ ಹಿರಿಯರನ್ನು ಮಾತನಾಡಿಸಲಿ: ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದವರನ್ನು, ಭಾಷೆ ಬಾರದ ಊರಿಗೆ ಸೊಸೆಯಾಗಿ ಬಂದವರನ್ನು. ನಮ್ಮವರಷ್ಟೇ ಅಲ್ಲ, ಪಕ್ಕದ ಮನೆಯ ಆಜಿಯನ್ನೂ. ಲೇಡೀಸ್ ಡಬ್ಬಿಯಲ್ಲಿ ಮೂವರ ಸೀಟಿನಲ್ಲಿ ನಾಲ್ಕನೆಯವಳಿಗೆ ಸ್ವಲ್ಪ ಸರಿದು ಜಾಗ ಕೊಡುವುದನ್ನು ನಮಗೆ ಯಾರೂ ಪುಸ್ತಕದಿಂದ ಕಲಿಸಲಿಲ್ಲ, ದಿನಾ ನಿಂತು ಕಲಿತೆವು. ಮಕ್ಕಳೂ ಹಾಗೆಯೇ ಕಲಿಯುತ್ತಾರೆ, ನಾವು ಅವರನ್ನು ಆ ಡಬ್ಬಿಗೆ ಹತ್ತಿಸಿದರೆ.