ಸಂದಿಲ್ಲದ ಎಂಜಿನ್ನು

ಒತ್ತಡವನ್ನು ವಿಸ್ತೀರ್ಣದಿಂದ ಗುಣಿಸಿದರೆ ಬಲ ದೊರೆಯುತ್ತದೆ ಎಂಬುದನ್ನು ನನ್ನ ತರಗತಿಯಲ್ಲಿ ಕುಳಿತವರು ಮರೆತಿರಲಾರರು. ಆ ಲೆಕ್ಕವನ್ನೇ ಒಂದು ರೇಸ್ ಎಂಜಿನ್ನಿಗೆ ಹಚ್ಚಿ ನೋಡೋಣ. ಸಿಲಿಂಡರಿನ ವ್ಯಾಸ 10 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ವಿಸ್ತೀರ್ಣ ಸುಮಾರು 78.5 ಚದರ ಸೆಂಟಿಮೀಟರ್. ಇಂಧನ ಉರಿದಾಗ ಒತ್ತಡವು ಚದರ ಸೆಂಟಿಮೀಟರಿಗೆ 100 ಕಿಲೋಗ್ರಾಂ ಆಯಿತೆನ್ನಿ. ಆಗ ಮೇಲಿನ ಮುಚ್ಚಳವನ್ನು, ಅಂದರೆ ಸಿಲಿಂಡರ್ ಹೆಡ್ಡನ್ನು, ಎತ್ತಿ ಎಸೆಯಲೆತ್ನಿಸುವ ಬಲ ಏಳೂಮುಕ್ಕಾಲು ಟನ್ನಿಗೂ ಮಿಗಿಲು! ನಿಮಿಷಕ್ಕೆ 8,000 ಸುತ್ತು ತಿರುಗುವ ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ರತಿಯೊಂದು ಸಿಲಿಂಡರಿನಲ್ಲೂ ಇದು ನಿಮಿಷಕ್ಕೆ 4,000 ಬಾರಿ ನಡೆಯುತ್ತದೆ. ಈ ಬಲದೆದುರು ನಿಂತು ಅನಿಲ, ನೀರು, ಆಯಿಲ್ ಮೂರೂ ಒಂದಕ್ಕೊಂದು ಬೆರೆಯದಂತೆ ಕಾಯುವುದು ಒಂದು ತೆಳುವಾದ ಹಾಳೆ. ನಮ್ಮ ಅಡುಗೆಮನೆಯ ಕುಕ್ಕರಿನ ಗ್ಯಾಸ್ಕೆಟ್ಟಿಗೆ ಇದು ದೊಡ್ಡಣ್ಣನಿದ್ದಂತೆ.

ಇದನ್ನು ಹೇಗೆ ಗಟ್ಟಿಗೊಳಿಸುವುದೆಂದು ಲೋಕವೆಲ್ಲ ತಲೆ ಕೆಡಿಸಿಕೊಂಡಿದ್ದಾಗ, ಕೆಲವರು ಬೇರೆಯೇ ಬಗೆಯಲ್ಲಿ ಯೋಚಿಸಿದರು: ಸಂದೇ ಇಲ್ಲದಿದ್ದರೆ ಸೋರುವುದೆಲ್ಲಿಂದ? ಇಂಗ್ಲೆಂಡಿನ ಡಬ್ಲ್ಯು. ಓ. ಬೆಂಟ್ಲಿ ತನ್ನ 3 ಲೀಟರ್ ಕಾರಿನಲ್ಲಿ ಹೆಡ್ಡನ್ನೂ ಬ್ಲಾಕನ್ನೂ ಒಂದೇ ಎರಕದಲ್ಲಿ ಹೊಯ್ಯಿಸಿದ. 1924 ಮತ್ತು 1927ರಲ್ಲಿ ಆ ಕಾರು ಲೆ ಮಾನ್ಸಿನ ಇಪ್ಪತ್ನಾಲ್ಕು ಗಂಟೆಯ ಓಟವನ್ನು ಗೆದ್ದಿತು.

ಆದರೆ ಈ ಮಾರ್ಗದ ನಿಜವಾದ ಮಹಾರಥಿ ಅಮೆರಿಕದ ಆಫೆನ್‌ಹೌಸರ್ ಎಂಜಿನ್ನು. ಹ್ಯಾರಿ ಮಿಲ್ಲರ್ ಎಂಬಾತನ ಕಾರ್ಖಾನೆಯಲ್ಲಿ ಹುಟ್ಟಿ, ಲಿಯೋ ಗೂಸೆನ್‌ನ ನಕ್ಷೆಯಲ್ಲಿ ರೂಪುಗೊಂಡು, ಫ್ರೆಡ್ ಆಫೆನ್‌ಹೌಸರ್‌ನ ಹೆಸರು ಹೊತ್ತ ನಾಲ್ಕು ಸಿಲಿಂಡರಿನ ಯಂತ್ರವಿದು. 1947ರಿಂದ 1964ರವರೆಗೆ, ಹದಿನೆಂಟು ವರ್ಷ ಸತತವಾಗಿ, ಇಂಡಿಯಾನಾಪೊಲಿಸ್ 500 ಮೈಲಿಯ ಓಟದಲ್ಲಿ ಗೆದ್ದದ್ದು ಇದೇ. 1965ರಲ್ಲಿ ಫೋರ್ಡ್ ಎಂಜಿನ್ ಹೊತ್ತ ಲೋಟಸ್ ಕಾರಿನಲ್ಲಿ ಜಿಮ್ ಕ್ಲಾರ್ಕ್ ಗೆದ್ದಾಗ ಈ ಮುದುಕನ ಕಥೆ ಮುಗಿಯಿತೆಂದೇ ಎಲ್ಲರೂ ಬಗೆದರು. ಮುಗಿಯಲಿಲ್ಲ. ಟರ್ಬೊಚಾರ್ಜರ್ ಬಂದಿತು, ಗಾಳಿಯನ್ನು ಒತ್ತಿ ಒತ್ತಿ ತುಂಬಿದಷ್ಟೂ ಶಕ್ತಿ. ಬೇರೆಯ ಎಂಜಿನ್ನುಗಳಲ್ಲಿ ಮೊದಲು ಸೋಲುವ ಹೆಡ್ ಗ್ಯಾಸ್ಕೆಟ್ಟು ಇಲ್ಲಿ ಇರಲೇ ಇಲ್ಲ! 1968ರಲ್ಲಿ ಬಾಬಿ ಅನ್ಸರ್ ಟರ್ಬೊ ಆಫೆನ್‌ಹೌಸರ್‌ನಿಂದ ಗೆದ್ದ. ಹೆಡ್ಡು ಬೇರೆಯಾಗಿದ್ದ ಫೋರ್ಡೂ ಟರ್ಬೊ ಹಾಕಿಕೊಂಡು ಮುಂದಿನ ಮೂರು ವರ್ಷ ಗೆದ್ದಿತೆಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೆ 1972ರಿಂದ 1976ರವರೆಗಿನ ಐದೂ ವರ್ಷ ಮತ್ತೆ ಆಫೆನ್‌ಹೌಸರ್‌ದೇ. ಮೂವತ್ತರ ದಶಕದ ಕಲ್ಪನೆಯೊಂದು ಎಪ್ಪತ್ತರ ದಶಕದಲ್ಲಿ ಗೆಲ್ಲುವುದೆಂದರೆ ಸಾಮಾನ್ಯವೇ?

ಇದಕ್ಕೆ ತೆರಬೇಕಾದ ಬೆಲೆಯೂ ಇತ್ತು. ಹೆಡ್ ಬಿಚ್ಚಲಾಗದ ಎಂಜಿನ್ನಿನಲ್ಲಿ ಒಂದು ವಾಲ್ವ್ ಕೆಟ್ಟರೂ ಇಡೀ ಬ್ಲಾಕನ್ನೇ ಎತ್ತಬೇಕು. ವಾಲ್ವ್ ಕೂರುವ ಜಾಗವನ್ನು ಸಿಲಿಂಡರಿನ ಒಳಗಿನಿಂದ, ಬಾವಿಯೊಳಗೆ ಕೈಯಿಳಿಸಿದಂತೆ, ಕೊರೆಯಬೇಕು. ರೇಸಿನವರು ಸಹಿಸಿಯಾರು, ದಿನನಿತ್ಯದ ಕಾರಿನ ಒಡೆಯನು ಸಹಿಸಲಾರ.

ಒಂದೇ ಎರಕವೆಂದ ಮಾತ್ರಕ್ಕೆ ಸಂದು ಇಲ್ಲವೆಂದೂ ಅಲ್ಲ. ಸ್ಪಿಟ್‌ಫೈರ್ ವಿಮಾನದ ರೋಲ್ಸ್ ರಾಯ್ಸ್ ಮರ್ಲಿನ್ ಎಂಜಿನ್ನಿನ ಬ್ಲಾಕೂ ಹೆಡ್ಡೂ ಮೊದಲು ಒಂದೇ ತುಂಡಾಗಿದ್ದವು. ಆದರೆ ಅದರೊಳಗಿನ ಸಿಲಿಂಡರ್ ಲೈನರು ಬೇರೆ. ಅದರ ಮೇಲ್ತುದಿಯಲ್ಲಿ ಕೂಲಂಟ್ ಸೋರುತ್ತಿತ್ತು. ಕೊನೆಗೆ ಎರಡು ತುಂಡಿನ ರಚನೆಯೇ ಗತಿಯಾಯಿತು. 1942ರಲ್ಲಿ ಬಂದ ಸ್ಪಿಟ್‌ಫೈರ್ 9ರ ಮರ್ಲಿನ್ 61ರಲ್ಲಿದ್ದದ್ದು ಅದೇ.

ಎಂಜಿನ್ ಬಿಚ್ಚಿ ಜೋಡಿಸುವ ಕಸುಬಿನಲ್ಲಿರುವ ನನ್ನ ವಿದ್ಯಾರ್ಥಿಯೊಬ್ಬ, "ಸಾರ್, ತಾಮ್ರದ್ದು ಹಾಕಲೋ, ಪದರದ ಉಕ್ಕಿನದೋ?" ಎಂದು ಕೇಳಿದ್ದುಂಟು. ಎರಡಕ್ಕೂ ಅವುಗಳದೇ ಗುಣವಿದೆ. ತಾಮ್ರದ ಹಾಳೆಯನ್ನು ಕೆಂಪಗೆ ಕಾಯಿಸಿ ತಣಿಸಿದರೆ ಮೆತ್ತಗಾಗಿ ಮೈಗೆ ಅಂಟಿಕೊಳ್ಳುತ್ತದೆ; ಸಿಲಿಂಡರಿನ ಸುತ್ತ ಕಾಡಿ ತೆಗೆದು ಉಕ್ಕಿನ ತಂತಿಯ ಉಂಗುರ ಕೂರಿಸಿದರೆ ಭಾರೀ ಒತ್ತಡವನ್ನೂ ತಡೆಯುತ್ತದೆ. ಆದರೆ ನೀರಿನ ತೂತುಗಳ ಸುತ್ತ ಸೀಲೆಂಟ್ ಬಳಿಯದಿದ್ದರೆ ಒಸರುತ್ತದೆ. ಪದರದ ಉಕ್ಕಿನ ಗ್ಯಾಸ್ಕೆಟ್ಟು ಸ್ಪ್ರಿಂಗಿನಂತೆ ಹೆಡ್ಡಿನೊಂದಿಗೆ ತಾನೂ ಉಸಿರಾಡುತ್ತದೆ; ಅದರ ಮೇಲ್ಲೇಪವೇ ಸಾಕು, ಸೀಲೆಂಟ್ ಬಳಿದರೆ ಕೆಡುಕೇ ಹೆಚ್ಚು. ಆದರೆ ಎರಡೂ ಮೈಗಳು ಕನ್ನಡಿಯಂತೆ ನುಣುಪಾಗಿ, ಸಪಾಟಾಗಿ ಇರಲೇಬೇಕು. ಬೋಲ್ಟುಗಳನ್ನು ನಡುವಿನಿಂದ ಅಂಚಿನತ್ತ, ಹಂತ ಹಂತವಾಗಿ ಬಿಗಿಯುವುದು ಎರಡಕ್ಕೂ ಒಂದೇ ಶಾಸ್ತ್ರ.

ಅವನಿಗೆ ನಾನು ಒತ್ತಿ ಹೇಳಿದ್ದು ಮಾತ್ರ ಬೇರೆ. ಹಳೆಯ ಕಾಲದ ಗ್ಯಾಸ್ಕೆಟ್ಟುಗಳಲ್ಲಿ ತಾಮ್ರದ ನಡುವೆ ಇರುತ್ತಿದ್ದದ್ದು ಆಸ್‌ಬೆಸ್ಟಾಸ್. ಬೆಂಕಿಗೆ ಬಗ್ಗದ ಆ ನಾರು ಉಸಿರಿನೊಡನೆ ಶ್ವಾಸಕೋಶ ಸೇರಿ, ದಶಕಗಳ ನಂತರ ಕ್ಯಾನ್ಸರ್ ತರಬಲ್ಲದು. ಬ್ರಿಟನ್ನು 1999ರಲ್ಲಿ ಅದರ ಬಳಕೆಯನ್ನೇ ನಿಷೇಧಿಸಿತು. ಹಳೆಯ ಕಾರಿನ ಹೆಡ್ ಎತ್ತಿದಾಗ ಅಂಟಿಕೊಂಡ ಚೂರನ್ನು ಒಣದಾಗಿಯೇ ತಂತಿಬ್ರಷ್ಷಿನಿಂದ ಉಜ್ಜಿ, ಏರ್ ಹೊಡೆದು ಧೂಳೆಬ್ಬಿಸುವ ಅಭ್ಯಾಸ ಷೆಡ್ಡುಗಳಲ್ಲಿದೆ. ಒದ್ದೆ ಮಾಡಿ ಕೆರೆಯಪ್ಪಾ, ಮಾಸ್ಕ್ ಕಟ್ಟಿಕೋ, ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ನಿಂತ ಹುಡುಗನಿಗೂ ಒಂದು ಕೊಡು ಎಂದೆ.